ಏಳು ವರ್ಷ ದಾಟಿದರೆ ಸಂಗೀತ ಬರುವುದಿಲ್ಲವೇ? ಮೊದಲ ವಾದ್ಯ, ಮೊದಲ ಬ್ಯಾಂಡ್ ಬಗ್ಗೆ ಸುಳ್ಳೆಷ್ಟು, ನಿಜವೆಷ್ಟು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಉದ್ದನೆಯ ಫಾರ್ವರ್ಡ್ ಬಂತು. ಸಂಗೀತ ಕಲಿತ ಮಕ್ಕಳ ಬುದ್ಧಿ ಚುರುಕಾಗುತ್ತದೆ, ಆದರೆ ಏಳು ವರ್ಷದೊಳಗೆ ಶುರು ಮಾಡಬೇಕು, ಆಮೇಲೆ ಕಲಿತರೆ ಮೆದುಳು ಹಿಡಿಯುವುದಿಲ್ಲ, ಮೊದಲು ಕೀಬೋರ್ಡನ್ನೇ ಕಲಿಸಬೇಕು, ಡ್ರಮ್ಸ್ ಬಾರಿಸಿದರೆ ಕಿವುಡಾಗುತ್ತಾರೆ. ಇಷ್ಟು ಹೇಳಿ, ಕೊನೆಗೆ ಕೈಮುಗಿಯುವ ಇಮೋಜಿಗಳ ಜೊತೆ 'ಎಲ್ಲ ತಂದೆತಾಯಂದಿರಿಗೂ ತಲುಪಿಸಿ' ಎಂದಿತ್ತು.

ಅದೇ ಹೊತ್ತಿಗೆ ನನ್ನ ಚಿಕ್ಕಮ್ಮನ ಮಗ ಒಂಬತ್ತನೇ ತರಗತಿ ಮುಗಿಸಿ, ಡ್ರಮ್ಸ್ ಕಲಿಯಬೇಕು, ಗೆಳೆಯರ ಜೊತೆ ಬ್ಯಾಂಡ್ ಕಟ್ಟಬೇಕು ಅಂತ ಹಟ ಹಿಡಿದಿದ್ದ. ಫಾರ್ವರ್ಡ್ ಓದಿದ ಚಿಕ್ಕಮ್ಮ ನನಗೆ ಫೋನ್ ಮಾಡಿದರು. "ನೋಡೇ, ಇವನಿಗೆ ಆಗಲೇ ಹದಿನೈದು. ಇನ್ನು ಕಲಿತು ಏನು ಪ್ರಯೋಜನ? ಕಿವಿ ಬೇರೆ ಹಾಳಾಗುತ್ತಂತೆ. ನೀನೇ ಅವನಿಗೆ ಬುದ್ಧಿ ಹೇಳು." ಅತ್ತ ಅವನು, "ಅಕ್ಕಾ, ಅಮ್ಮಂಗೆ ನೀನೇ ಹೇಳು" ಅಂತ ಮೆಸೇಜ್ ಹಾಕಿದ್ದ.

ಇಂಥ ಫಾರ್ವರ್ಡ್‌ಗಳು ಪೂರ್ತಿ ಸುಳ್ಳಾಗಿರುವುದಿಲ್ಲ. ಚಿಟಿಕೆ ನಿಜಕ್ಕೆ ಮುಷ್ಟಿಯಷ್ಟು ಉತ್ಪ್ರೇಕ್ಷೆ ಸೇರಿಸಿರುತ್ತಾರೆ. ಅದಕ್ಕೇ ನಂಬಿಬಿಡುತ್ತೇವೆ. ಒಂದೊಂದೇ ಮಾತನ್ನು ತೆಗೆದುಕೊಂಡು ನೋಡೋಣ.

ಮಾತು 1: ಏಳು ವರ್ಷದೊಳಗೆ ಶುರು ಮಾಡದಿದ್ದರೆ ಸಂಗೀತ ಬರುವುದಿಲ್ಲ

ಇದರಲ್ಲಿರುವ ನಿಜ ಇಷ್ಟು. ಪಿಯಾನೋದ ಒಂದು ಮನೆ ಒತ್ತಿದರೆ, ಬೇರೆ ಯಾವ ಸ್ವರದ ಆಸರೆಯೂ ಇಲ್ಲದೆ 'ಇದು ಇಂಥದ್ದೇ ಸ್ವರ' ಎಂದು ಗುರುತಿಸುವ ಸಾಮರ್ಥ್ಯ ಕೆಲವರಿಗೆ ಇರುತ್ತದೆ. ಇದು ಬಹಳ ಅಪರೂಪ. ಇರುವವರಲ್ಲಿ ಹೆಚ್ಚಿನವರು ಆರೇಳು ವರ್ಷದೊಳಗೆ ಸಂಗೀತ ಶುರು ಮಾಡಿದವರು. ತೀರಾ ಚಿಕ್ಕ ವಯಸ್ಸಿನಲ್ಲಿ ಆರಂಭಿಸಿದವರಿಗೆ ಲಯಕ್ಕೆ ಸರಿಯಾಗಿ ಬೆರಳಾಡಿಸುವುದರಲ್ಲಿ ಸ್ವಲ್ಪ ಅನುಕೂಲ ಉಂಟೆಂದೂ ಅಧ್ಯಯನಗಳು ತೋರಿಸಿವೆ.

ಆದರೆ ಆ ಅಪರೂಪದ ಸಾಮರ್ಥ್ಯ ಸಂಗೀತಕ್ಕೆ ಬೇಕೇ ಬೇಕು ಅಂತಿಲ್ಲ. ನಮ್ಮ ಸಂಗೀತವನ್ನೇ ನೋಡಿ. ಹಾಡುವವರು ತಮ್ಮ ಗಂಟಲಿಗೆ ಹೊಂದುವ ಶ್ರುತಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆ ಷಡ್ಜದಿಂದ ರಿಷಭ ಎಷ್ಟು ದೂರ, ಪಂಚಮ ಎಷ್ಟು ದೂರ ಎಂಬುದೇ ಲೆಕ್ಕ. ಈ ಅಂತರವನ್ನು ಗುರುತಿಸುವುದನ್ನು ಯಾವ ವಯಸ್ಸಿನಲ್ಲಾದರೂ ಅಭ್ಯಾಸದಿಂದ ಕಲಿಯಬಹುದು.

ಹದಿಹರೆಯದವರ ಮೇಲೆಯೇ ನಡೆದ ಒಂದು ಅಧ್ಯಯನವಿದೆ. ಅಮೆರಿಕದ ಷಿಕಾಗೋದ ಹೈಸ್ಕೂಲುಗಳಲ್ಲಿ 40 ವಿದ್ಯಾರ್ಥಿಗಳನ್ನು ಸಂಶೋಧಕರು ಸುಮಾರು ಮೂರು ವರ್ಷ ಗಮನಿಸಿದರು. ಕೆಲವರು ಶಾಲೆಯಲ್ಲಿ ಸಂಗೀತದ ತರಗತಿ ಆಯ್ದುಕೊಂಡಿದ್ದರು, ಉಳಿದವರು ನಮ್ಮ ಎನ್‌ಸಿಸಿಯಂಥ ಕವಾಯತು ತರಬೇತಿ ಆಯ್ದುಕೊಂಡಿದ್ದರು. ವಾದ್ಯ ನುಡಿಸಿದವರ ಮೆದುಳು ಶಬ್ದಕ್ಕೆ ಪ್ರತಿಕ್ರಿಯಿಸುವ ರೀತಿ ಬೇಗ ಪಕ್ವವಾಗಿತ್ತು ಎಂದು 2015ರಲ್ಲಿ ಪ್ರಕಟಿಸಿದರು. ಇದು ಸಣ್ಣ ಅಧ್ಯಯನ, ಗುಂಪನ್ನು ವಿದ್ಯಾರ್ಥಿಗಳೇ ಆಯ್ದುಕೊಂಡಿದ್ದರು. ಹಾಗಾಗಿ ಇದೊಂದನ್ನೇ ಹಿಡಿದು ದೊಡ್ಡ ಮಾತು ಆಡಬಾರದು. ಆದರೆ ಹದಿನಾಲ್ಕಕ್ಕೆ ಮೆದುಳಿನ ಬಾಗಿಲು ಮುಚ್ಚಿರುತ್ತದೆ ಎಂಬ ಮಾತಿಗೆ ಇದು ಸರಿಯಾಗಿಯೇ ಎದುರು ನಿಲ್ಲುತ್ತದೆ.

ನಮ್ಮಲ್ಲೇ ಉದಾಹರಣೆ ಬೇಕಿದ್ದರೆ ರಘು ದೀಕ್ಷಿತ್ ಇದ್ದಾರೆ. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ ಅವರು ಗಿಟಾರ್ ಹಿಡಿದದ್ದು ಕಾಲೇಜು ದಿನಗಳಲ್ಲಿ, ಗೆಳೆಯನ ಸವಾಲಿಗೆ ಉತ್ತರವಾಗಿ. ಕಲಿತದ್ದೂ ತಮ್ಮಷ್ಟಕ್ಕೆ ತಾವೇ.

ಮಾತು 2: ವಾದ್ಯ ಕಲಿತರೆ ಬುದ್ಧಿಮತ್ತೆ ಹೆಚ್ಚುತ್ತದೆ

ಈ ಮಾತಿನ ಬೇರು 1993ರಲ್ಲಿದೆ. ಆ ವರ್ಷ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟದ ಪುಟ್ಟ ವರದಿ ಬಂತು. 36 ಕಾಲೇಜು ವಿದ್ಯಾರ್ಥಿಗಳು ಮೊಜಾರ್ಟ್‌ನ ಸಂಗೀತವನ್ನು ಹತ್ತು ನಿಮಿಷ ಕೇಳಿದ ಮೇಲೆ, ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವಂಥ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದರು. ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ ಮಾತ್ರ. ಪರೀಕ್ಷೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ, ಯಾರೂ ವಾದ್ಯ ಕಲಿತಿರಲಿಲ್ಲ. ಬರೀ ಕೇಳಿದ್ದರು.

ಪತ್ರಿಕೆಗಳ ಕೈಗೆ ಸಿಕ್ಕ ಮೇಲೆ ಇದೇ 'ಮೊಜಾರ್ಟ್ ಕೇಳಿದರೆ ಮಕ್ಕಳು ಜಾಣರಾಗುತ್ತಾರೆ' ಎಂದಾಯಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿ.ಡಿ. ಕೊಡಲು ಬಜೆಟ್‌ನಲ್ಲಿ ಹಣ ಕೇಳಿದರು. ವಾಟ್ಸಾಪ್ ಹುಟ್ಟುವ ಎಷ್ಟೋ ಮೊದಲೇ ಇದು ಫಾರ್ವರ್ಡ್ ಆಗಿತ್ತು! ಆಮೇಲೆ 2010ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದವರು ಸುಮಾರು 40 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೊಜಾರ್ಟ್‌ಗೆ ವಿಶೇಷ ಶಕ್ತಿ ಏನೂ ಕಾಣಲಿಲ್ಲ. ಇಷ್ಟವಾದ ಯಾವ ಸಂಗೀತ ಕೇಳಿದರೂ ಮನಸ್ಸು ಉಲ್ಲಾಸಗೊಳ್ಳುತ್ತದೆ, ಆ ಹೊತ್ತಿಗೆ ಕೆಲಸ ಚುರುಕಾಗುತ್ತದೆ. ಅಷ್ಟೇ.

ಹಾಗಾದರೆ ಕೇಳುವುದು ಬಿಟ್ಟು, ಕಲಿತರೆ? 2004ರಲ್ಲಿ ಕೆನಡಾದ ಟೊರಾಂಟೊದಲ್ಲಿ ಆರು ವರ್ಷದ 144 ಮಕ್ಕಳನ್ನು ನಾಲ್ಕು ಗುಂಪು ಮಾಡಿ ಒಂದು ವರ್ಷ ನೋಡಿದರು. ಕೀಬೋರ್ಡ್ ಅಥವಾ ಹಾಡು ಕಲಿತವರ ಬುದ್ಧಿಮತ್ತೆಯ ಅಂಕ, ಕಲಿಯದವರಿಗಿಂತ ಹೆಚ್ಚು ಏರಿತ್ತು. ಆದರೆ ಸರಾಸರಿ ವ್ಯತ್ಯಾಸ ಮೂರು ಅಂಕಕ್ಕೂ ಕಡಿಮೆ. 2020ರಲ್ಲಿ ಇಬ್ಬರು ಸಂಶೋಧಕರು ಇಂಥ 54 ಅಧ್ಯಯನಗಳನ್ನು, ಅಂದರೆ ಸುಮಾರು 7,000 ಮಕ್ಕಳ ಮಾಹಿತಿಯನ್ನು, ಜರಡಿ ಹಿಡಿದರು. ಅಧ್ಯಯನ ಎಷ್ಟು ಕಟ್ಟುನಿಟ್ಟಾಗಿ ನಡೆದಿತ್ತೋ ಪರಿಣಾಮ ಅಷ್ಟೇ ಕಡಿಮೆಯಾಗುತ್ತಾ, ಕೊನೆಗೆ ಹೆಚ್ಚುಕಡಿಮೆ ಸೊನ್ನೆಗೆ ಬಂದಿತ್ತು.

ಗಿಟಾರ್ ಕಲಿತ ಮಾತ್ರಕ್ಕೆ ಗಣಿತದಲ್ಲಿ ಅಂಕ ಬರುವುದಿಲ್ಲ ಎನ್ನಲು ಇಷ್ಟು ಸಾಕು. 'ಬ್ಯಾಂಡ್ ಅಂತ ಹೋದರೆ ಓದು ಹಾಳು' ಎಂಬ ಭಯವೂ ಇದರ ಇನ್ನೊಂದು ಮುಖವೇ. ಎರಡೂ ಸಂಗೀತವನ್ನು ಅಂಕಪಟ್ಟಿಯ ತಕ್ಕಡಿಯಲ್ಲೇ ತೂಗುತ್ತವೆ. ಮಗ ಕ್ರಿಕೆಟ್ ಆಡುತ್ತೇನೆ ಅಂದರೆ 'ಇದರಿಂದ ಬುದ್ಧಿಮತ್ತೆ ಎಷ್ಟು ಏರುತ್ತೆ' ಅಂತ ನಾವು ಕೇಳುವುದಿಲ್ಲ. ಸಂಗೀತಕ್ಕೂ ಅಷ್ಟು ರಿಯಾಯಿತಿ ಕೊಡಬಹುದು.

ಮಾತು 3: ಗಿಟಾರ್‌ಗೆ ಉದ್ದ ಬೆರಳು ಬೇಕು, ಡ್ರಮ್ಸ್ ಹುಡುಗಿಯರಿಗಲ್ಲ

ಗಿಟಾರ್ ನುಡಿಸುವವರ ಇತಿಹಾಸವೇ ಬೆರಳಿನ ಮಾತಿಗೆ ಉತ್ತರ. ಜಾಂಗೋ ರೈನ್‌ಹಾರ್ಟ್ ಎಂಬ ಯುರೋಪಿನ ಜಾಜ್ ಕಲಾವಿದನ ಎಡಗೈಯ ಎರಡು ಬೆರಳುಗಳು 1928ರ ಬೆಂಕಿ ಅಪಘಾತದಲ್ಲಿ ಸ್ವಾಧೀನ ತಪ್ಪಿದವು. ಉಳಿದ ಬೆರಳುಗಳಿಂದಲೇ ಆತ ಹೊಸ ಶೈಲಿ ಕಟ್ಟಿದ. ಇಂಗ್ಲೆಂಡಿನ ಟೋನಿ ಅಯೋಮಿ ಹದಿನೇಳನೇ ವಯಸ್ಸಿಗೆ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಕಳೆದುಕೊಂಡ. ಮುಂದೆ 'ಬ್ಲ್ಯಾಕ್ ಸಬ್ಬತ್' ಬ್ಯಾಂಡಿನ ಗಿಟಾರ್ ವಾದಕನಾದದ್ದು ಅವನೇ. ಕೈ ಚಿಕ್ಕದಿದ್ದರೆ ಮುಕ್ಕಾಲು ಅಳತೆಯ ಗಿಟಾರ್ ಸಿಗುತ್ತದೆ, ನಾಲ್ಕೇ ತಂತಿಯ ಯುಕುಲೇಲೆ ಸಿಗುತ್ತದೆ.

ಹುಡುಗಿಯರ ವಾದ್ಯ, ಹುಡುಗರ ವಾದ್ಯ ಎಂಬ ವಿಂಗಡಣೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ 1978ರಲ್ಲೇ ಇದರ ಬಗ್ಗೆ ಅಧ್ಯಯನ ಪ್ರಕಟವಾಗಿತ್ತು. ಡ್ರಮ್ಸ್, ಟ್ರಂಪೆಟ್ ಹುಡುಗರಿಗೆ, ಕೊಳಲು, ಪಿಟೀಲು ಹುಡುಗಿಯರಿಗೆ ಎಂದು ಅಲ್ಲಿಯ ದೊಡ್ಡವರೂ ಯೋಚಿಸುತ್ತಿದ್ದರು. ಇದು ಸಮಾಜ ಹಾಕಿದ ಗೆರೆ, ದೇಹ ಹಾಕಿದ್ದಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಘಟ ವಿದುಷಿ ಸುಕನ್ಯಾ ರಾಮಗೋಪಾಲ್ ಅವರ ವಿಷಯ ಗೊತ್ತಿರಬಹುದು. ಹುಡುಗಿಯ ಕೈಗೆ ಘಟ ಕಷ್ಟ ಎಂಬ ಮಾತು ಕೇಳಿಕೊಂಡೇ ಅವರು ಕಲಿತರು. ಮುಂದೆ ಮಹಿಳೆಯರೇ ಇರುವ 'ಸ್ತ್ರೀ ತಾಳ ತರಂಗ' ತಂಡ ಕಟ್ಟಿದರು.

ಮಾತು 4: ಮೊದಲು ಕೀಬೋರ್ಡ್, ಆಮೇಲೆ ಬೇರೆಯದು

ಕೀಬೋರ್ಡಿನಿಂದ ಶುರು ಮಾಡಿದರೆ ಅನುಕೂಲಗಳಿವೆ. ಮನೆ ಒತ್ತಿದರೆ ಸ್ವರ ಸರಿಯಾಗಿಯೇ ಬರುತ್ತದೆ, ಶ್ರುತಿ ಮಾಡುವ ಗೋಜಿಲ್ಲ, ಹೆಡ್‌ಫೋನ್ ಸಿಕ್ಕಿಸಿದರೆ ಪಕ್ಕದ ಮನೆಯವರಿಗೂ ತೊಂದರೆಯಿಲ್ಲ. ಆದರೆ ಎಲ್ಲರೂ ಇದರಿಂದಲೇ ಶುರು ಮಾಡಬೇಕೆಂಬ ನಿಯಮ ಎಲ್ಲೂ ಇಲ್ಲ.

ಮೊದಲ ವಾದ್ಯಕ್ಕೆ ನಾನು ಹೇಳುವ ಅಳತೆಗೋಲು ಒಂದೇ: ಯಾವುದರ ಸದ್ದು ಕೇಳಿದರೆ ನಿಮಗೆ ಕೈ ತುರಿಸುತ್ತದೋ ಅದು. ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ನುಡಿಸುತ್ತಿದ್ದರು. ಮಗ ಅದನ್ನೇ ಮುಂದುವರಿಸಿದ್ದರೆ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅವರು ಮರುಳಾದರು. ಗಮಕಕ್ಕೆ ಒಗ್ಗದ ಪರದೇಶಿ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಲು ವರ್ಷಗಟ್ಟಲೆ ಹೆಣಗಿದರು. ಸದ್ದಿನ ಮೇಲೆ ಪ್ರೀತಿ ಇಲ್ಲದಿದ್ದರೆ ಅಷ್ಟು ವರ್ಷ ಯಾರು ತಡೆದುಕೊಳ್ಳುತ್ತಾರೆ?

ಪ್ರೀತಿಯ ಜೊತೆಗೆ ಮನೆಯ ಲೆಕ್ಕಾಚಾರವೂ ಬೇಕು. ಕೊಳ್ಳುವ ಮುಂಚೆ ಇಷ್ಟು ನೋಡಿ:

- ಗಿಟಾರ್: ತಂತಿ ಮತ್ತು ಮರದ ಪಟ್ಟಿಯ ನಡುವಿನ ಅಂತರ ಹೆಚ್ಚಿದ್ದರೆ ಒತ್ತುವುದು ಕಷ್ಟ. ಹನ್ನೆರಡನೇ ಕಟ್ಟಿನ ಹತ್ತಿರ ಅದು ಸುಮಾರು 2 ರಿಂದ 2.5 ಮಿಲಿಮೀಟರ್ ಇದ್ದರೆ ಆರಾಮ. ಮೂರು ದಾಟಿದರೆ ಹೊಸಬರ ಬೆರಳು ನೊಂದು, ಗಿಟಾರ್ ಅಟ್ಟ ಸೇರುತ್ತದೆ. 'ನನಗೆ ಗಿಟಾರ್ ಒಗ್ಗಲಿಲ್ಲ' ಎನ್ನುವ ಎಷ್ಟೋ ಜನರಿಗೆ ಒಗ್ಗದಿದ್ದದ್ದು ಈ ಅಂತರ. ರಿಪೇರಿಯವರು ಇದನ್ನು ತಗ್ಗಿಸಿಕೊಡುತ್ತಾರೆ. ನೈಲಾನ್ ತಂತಿ ಬೆರಳಿಗೆ ಮೃದು, ಉಕ್ಕಿನ ತಂತಿ ಗಟ್ಟಿ. ಮೊದಲ ಕೆಲವು ವಾರ ಬೆರಳ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಮಣಿಕಟ್ಟು, ಭುಜ ನೋಯುತ್ತಿದ್ದರೆ ಮಾತ್ರ ನಿಲ್ಲಿಸಿ, ಹಿಡಿಯುವ ಭಂಗಿ ತೋರಿಸಿಕೊಳ್ಳಿ.
- ಕೀಬೋರ್ಡ್: ಮೆತ್ತಗೆ ಒತ್ತಿದರೆ ಮೆತ್ತಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಿಸುವಂಥದ್ದು ಇರಲಿ. ನೂರಾರು ಬಗೆಯ ಸದ್ದು ಇದೆ ಅನ್ನುವುದಕ್ಕಿಂತ ಇದು ಮುಖ್ಯ.
- ಡ್ರಮ್ಸ್: ಮೊದಲ ದಿನವೇ ಪೂರ್ತಿ ಕಿಟ್ ಬೇಕಿಲ್ಲ. ಒಂದು ಜೊತೆ ಕೋಲು, ರಬ್ಬರಿನ ಪ್ರಾಕ್ಟೀಸ್ ಪ್ಯಾಡ್ ಇದ್ದರೆ ಮೊದಲ ಕೆಲವು ತಿಂಗಳ ಪಾಠ ನಡೆಯುತ್ತದೆ.
- ಮನೆಯಲ್ಲೇ ಇರುವುದು: ಅಜ್ಜನ ಹಾರ್ಮೋನಿಯಂ, ಮಾವನ ತಬಲಾ, ಅಕ್ಕ ಕಲಿತು ಬಿಟ್ಟ ಕೀಬೋರ್ಡ್. ಮೊದಲು ಅಟ್ಟ ಹತ್ತಿ ನೋಡಿ.
- ಎಡಗೈಯವರು: ಬಲಗೈ ವಾದ್ಯವನ್ನೇ ಕಲಿಯಬಹುದು, ತಂತಿಗಳನ್ನು ತಿರುವಿ ಕಟ್ಟಿಸಿಕೊಳ್ಳಬಹುದು. ಎರಡೂ ದಾರಿಯಲ್ಲಿ ದೊಡ್ಡ ಕಲಾವಿದರು ಬಂದಿದ್ದಾರೆ.

ಮಾತು 5: ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರಷ್ಟೇ ಕಲಾವಿದ

ಇದೂ 1993ರದ್ದೇ ಕೂಸು. ಬರ್ಲಿನ್ನಿನಲ್ಲಿ ಪಿಟೀಲು ವಿದ್ಯಾರ್ಥಿಗಳನ್ನು ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಅಧ್ಯಯನ ಮಾಡಿದರು. ತೀರಾ ಪ್ರತಿಭಾವಂತರ ಗುಂಪು ಇಪ್ಪತ್ತನೇ ವಯಸ್ಸಿಗೆ ಸರಾಸರಿ ಸುಮಾರು 10,000 ಗಂಟೆ ಅಭ್ಯಾಸ ಮಾಡಿತ್ತು. ಸರಾಸರಿ ಅಂದರೆ ಕೆಲವರು ಅದಕ್ಕಿಂತ ಬಹಳ ಕಡಿಮೆ, ಕೆಲವರು ಹೆಚ್ಚು. 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯ ಮಾಡಿದ ಮೇಲೆ, ಸರಾಸರಿಯೇ ನಿಯಮವಾಗಿ ಹೋಯಿತು. 2014ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಶೇ. 21ರಷ್ಟು. ಉಳಿದದ್ದರಲ್ಲಿ ಬೇರೆ ಬೇರೆ ಸಂಗತಿಗಳ ಪಾಲಿದೆ.

ಹದಿನೈದರ ಹುಡುಗನಿಗೆ ಈ ಲೆಕ್ಕವೇ ಬೇಡ. ಅವನಿಗೆ ಬೇಕಿರುವುದು ವಿಶ್ವಪ್ರಸಿದ್ಧಿಯಲ್ಲ, ಗೆಳೆಯರ ಜೊತೆ ಒಂದು ಹಾಡನ್ನು ಶುರುವಿನಿಂದ ಕೊನೆವರೆಗೆ ನುಡಿಸುವುದು. ದಿನಕ್ಕೆ ಇಪ್ಪತ್ತು ನಿಮಿಷ, ಬಿಡದೆ. ಭಾನುವಾರ ಮೂರು ಗಂಟೆ ಕೂತು ಉಳಿದ ಆರು ದಿನ ಮುಟ್ಟದಿರುವುದಕ್ಕಿಂತ ಇದು ಎಷ್ಟೋ ಮೇಲು. ಕಲಿತದ್ದು ಮೆದುಳಿನಲ್ಲಿ ಗಟ್ಟಿಯಾಗುವುದಕ್ಕೆ ನಡುವೆ ನಿದ್ದೆ, ಬಿಡುವು ಬೇಕು.

ಮಾತು 6: ಬ್ಯಾಂಡ್ ಕಟ್ಟಲು ದುಬಾರಿ ಸಾಮಾನು ಬೇಕು, ಎಲ್ಲರೂ ಚೆನ್ನಾಗಿ ಕಲಿತಿರಬೇಕು

ಜಗತ್ತಿನ ಅತಿ ಪ್ರಸಿದ್ಧ ಬ್ಯಾಂಡ್ ಹೇಗೆ ಶುರುವಾಯಿತು ಅಂತ ನೋಡಿದರೆ ಈ ಮಾತು ಬಿದ್ದುಹೋಗುತ್ತದೆ. 1956ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಊರಿನಲ್ಲಿ ಹದಿನಾರು ವರ್ಷದ ಜಾನ್ ಲೆನನ್ ಶಾಲೆಯ ಗೆಳೆಯರ ಜೊತೆ 'ಕ್ವಾರಿಮೆನ್' ಎಂಬ ತಂಡ ಕಟ್ಟಿದ. ಆಗ ಅಲ್ಲಿ 'ಸ್ಕಿಫಲ್' ಎಂಬ ಸಂಗೀತದ ಹುಚ್ಚು ಹಬ್ಬಿತ್ತು. ಮನೆಯಲ್ಲಿ ಸಿಕ್ಕಿದ್ದರಲ್ಲೇ ನುಡಿಸುವುದು ಅದರ ವಿಶೇಷ. ಬಟ್ಟೆ ಉಜ್ಜುವ ತಗಡಿನ ಹಲಗೆಯೇ ತಾಳವಾದ್ಯ. ಚಹಾ ಸೊಪ್ಪು ತುಂಬುವ ಮರದ ಪೆಟ್ಟಿಗೆಗೆ ಪೊರಕೆ ಕೋಲು ನಿಲ್ಲಿಸಿ ಒಂದು ದಾರ ಬಿಗಿದರೆ ಅದೇ ಬೇಸ್. ಲೆನನ್ ಕೈಯಲ್ಲಿದ್ದದ್ದು ಅಗ್ಗದ ಗಿಟಾರ್. ಅವನ ತಾಯಿಗೆ ಬರುತ್ತಿದ್ದದ್ದು ಬ್ಯಾಂಜೋ, ಹಾಗಾಗಿ ಅವನು ಮೊದಲು ಕಲಿತದ್ದು ಬ್ಯಾಂಜೋ ಪಟ್ಟುಗಳನ್ನೇ.

1957ರ ಜುಲೈ 6ರಂದು ಚರ್ಚಿನ ಜಾತ್ರೆಯಂಥ ಕಾರ್ಯಕ್ರಮದಲ್ಲಿ ಈ ತಂಡ ನುಡಿಸಿದಾಗ, ಹದಿನೈದು ವರ್ಷದ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಪಾಲ್‌ಗೆ ಅಪ್ಪ ಹುಟ್ಟುಹಬ್ಬಕ್ಕೆ ಕೊಟ್ಟದ್ದು ಟ್ರಂಪೆಟ್. ಅದನ್ನು ಊದುತ್ತಾ ಹಾಡಲಾಗುವುದಿಲ್ಲ ಅಂತ ಗೊತ್ತಾಗಿ ಅವನು ಅದನ್ನು ಕೊಟ್ಟು ಗಿಟಾರ್ ತಂದಿದ್ದ. ಅವನು ಎಡಗೈಯವನು, ಹಾಗಾಗಿ ತಂತಿಗಳನ್ನು ತಿರುವಿ ಕಟ್ಟಿಕೊಂಡ. ಮರುವರ್ಷ ಜಾರ್ಜ್ ಹ್ಯಾರಿಸನ್ ಸೇರಿಕೊಂಡಾಗ ಅವನಿಗೆ ಹೆಚ್ಚುಕಡಿಮೆ ಹದಿನೈದು. 'ಬೀಟಲ್ಸ್' ಬೆಳೆದದ್ದು ಇಲ್ಲಿಂದ. ಎಲ್ಲ ಬ್ಯಾಂಡೂ ಬೀಟಲ್ಸ್ ಆಗುವುದಿಲ್ಲ ನಿಜ. ಆದರೆ ಬೀಟಲ್ಸ್ ಕೂಡ ಶುರುವಾದದ್ದು ತಗಡಿನ ಹಲಗೆ ಮತ್ತು ಸರಿಯಾಗಿ ಆರಿಸದ ಮೊದಲ ವಾದ್ಯದಿಂದ. ಆಯ್ಕೆ ತಪ್ಪಿದರೆ ಬದಲಾಯಿಸಬಹುದು, ಆಕಾಶವೇನೂ ಬೀಳುವುದಿಲ್ಲ.

ಬ್ಯಾಂಡ್ ಅಂದರೆ ನಮಗೆ ಹೊಸತೂ ಅಲ್ಲ. ಊರಿನ ಭಜನಾ ಮಂಡಳಿ ಒಂದು ಬ್ಯಾಂಡೇ. ಯಕ್ಷಗಾನದ ಹಿಮ್ಮೇಳ ನೋಡಿ: ಭಾಗವತರು, ಮದ್ದಳೆ, ಚೆಂಡೆ. ಮೂವರೇ ಇದ್ದರೂ ಇಡೀ ರಾತ್ರಿಯ ಆಟ ಅವರ ಮೇಲೆ ನಿಲ್ಲುತ್ತದೆ. ಅಲ್ಲಿ ಎಲ್ಲರ ಕಿವಿ ಭಾಗವತರ ತಾಳದ ಕಡೆಗೇ ಇರುತ್ತದೆ. ಹದಿಹರೆಯದ ಬ್ಯಾಂಡುಗಳಲ್ಲಿ ಇಲ್ಲದಿರುವುದು ಇದೇ. ಪ್ರತಿಯೊಬ್ಬರೂ ತಮ್ಮದನ್ನೇ ಕೇಳಿಸಿಕೊಳ್ಳುತ್ತಿರುತ್ತಾರೆ.

ಶುರು ಮಾಡುವವರಿಗೆ ಇಷ್ಟು ಸಾಕು: ಮೂರು ಜನ, ಮೂರು ಸುಲಭದ ಹಾಡು, ವಾರಕ್ಕೊಂದು ನಿಗದಿ ಸಮಯ. ಲಯ ಕೊಡುವವರೊಬ್ಬರು, ಸ್ವರ ಕೊಡುವವರೊಬ್ಬರು, ಹಾಡುವವರೊಬ್ಬರು. ಮೂರೂ ಹಾಡು ನಿಲ್ಲಿಸದೆ ನುಡಿಸಲು ಬಂದ ಮೇಲೆ ಮನೆಯವರನ್ನೇ ಕೂರಿಸಿ ಮೊದಲ ಕಾರ್ಯಕ್ರಮ ಮಾಡಿ. ಹೆಸರು, ಲೋಗೋ, ಇನ್‌ಸ್ಟಾಗ್ರಾಮ್ ಪುಟ ಆಮೇಲೆ.

'ವಿಡಿಯೋ ಕಾಲ್‌ನಲ್ಲೇ ಪ್ರಾಕ್ಟೀಸ್ ಮಾಡೋಣ' ಅಂತ ಹೊರಟವರು ಐದು ನಿಮಿಷದಲ್ಲಿ ಜಗಳವಾಡುವುದಕ್ಕೆ ವೈಜ್ಞಾನಿಕ ಕಾರಣವಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತು ಮೀಟರ್ ದೂರದಲ್ಲಿರುವವರ ಸದ್ದು ನಿಮಗೆ ತಲುಪಲು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತು ಬೇಕು. ಸರಿಸುಮಾರು ಇಷ್ಟು ತಡವಾದರೇ ಒಟ್ಟಿಗೆ ತಾಳ ಹಿಡಿಯುವುದು ಕಷ್ಟವಾಗಲು ಶುರುವಾಗುತ್ತದೆ. ವಿಡಿಯೋ ಕಾಲ್‌ನಲ್ಲಿ ತಡ ಇದಕ್ಕಿಂತ ಎಷ್ಟೋ ಹೆಚ್ಚು. ನೀವು ಅವನಿಗಾಗಿ ಕಾಯುತ್ತೀರಿ, ಅವನು ನಿಮಗಾಗಿ ಕಾಯುತ್ತಾನೆ, ಹಾಡು ಎತ್ತಿನಗಾಡಿಯಾಗುತ್ತದೆ. ತಪ್ಪು ಯಾರದ್ದೂ ಅಲ್ಲ. ಒಂದೇ ಕೋಣೆಯಲ್ಲಿ ಕೂರಿ.

ಕೂತರೆ ಇನ್ನೊಂದು ಲಾಭವಿದೆ. ಇಂಗ್ಲೆಂಡಿನಲ್ಲಿ ವಯಸ್ಕರ ಸಂಜೆ ತರಗತಿಗಳನ್ನು ಏಳು ತಿಂಗಳು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹಾಡಲು ಕಲಿತವರ ನಡುವೆ ಕರಕುಶಲ ಅಥವಾ ಬರವಣಿಗೆಯ ತರಗತಿಯವರಿಗಿಂತ ಬೇಗ ಆತ್ಮೀಯತೆ ಬೆಳೆದಿತ್ತು. ಅಪರಿಚಿತರ ನಡುವಿನ ಬಿಗುಮಾನ ಒಡೆಯಲು ಸಂಗೀತ ಒಳ್ಳೆಯ ಸುತ್ತಿಗೆ.

ಮಾತು 7: ಡ್ರಮ್ಸ್ ಬಾರಿಸಿದರೆ ಕಿವುಡಾಗುತ್ತಾರೆ, ಹತ್ತಿ ಇಟ್ಟುಕೊಂಡರೆ ಸಾಕು

ಫಾರ್ವರ್ಡ್‌ನಲ್ಲಿ ಹೆಚ್ಚು ನಿಜ ಇದ್ದದ್ದು ಈ ಸಾಲಿನಲ್ಲಿ. ಆದರೆ ಎಲ್ಲರೂ ಕೈಮುಗಿಯುವ ಇಮೋಜಿ ಹಾಕಿ ಮುಂದೆ ಹೋದದ್ದೂ ಇದನ್ನೇ.

ಇಲ್ಲಿ ನನ್ನದೇ ಕಥೆ ಹೇಳುತ್ತೇನೆ. ಪದವಿ ಓದುವಾಗ ನಾವು ಐದು ಜನ ಸೇರಿ ಬ್ಯಾಂಡ್ ಮಾಡಿದ್ದೆವು. ನನ್ನದು ಕೀಬೋರ್ಡ್. ಗೆಳತಿಯ ಮನೆ ಮಹಡಿಯ ಮೇಲೆ ಶೀಟು ಹೊದೆಸಿದ ಸಣ್ಣ ಕೋಣೆ, ಕಿಟಕಿ ಮುಚ್ಚಿ ನುಡಿಸುತ್ತಿದ್ದೆವು. ಡ್ರಮ್ಸ್ ಸದ್ದಿಗೆ ಗಿಟಾರ್ ಕೇಳಿಸದು ಅಂತ ಗಿಟಾರ್‌ನವನು ಜೋರು ಮಾಡುತ್ತಿದ್ದ. ಅವನಿಗೆ ಸರಿಸಮ ನಾನು. ನಮ್ಮಿಬ್ಬರ ಮೇಲೆ ಹಾಡುವವಳ ಮೈಕು. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಬೆಳಿಗ್ಗೆ ಹೋಗುತ್ತಿತ್ತು. ಒಂದು ದಿನ ಹೋಗಲಿಲ್ಲ. ಈಗಲೂ ರಾತ್ರಿ ಮನೆ ನಿಶ್ಶಬ್ದವಾದಾಗ ಎಡಗಿವಿಯಲ್ಲಿ ಸಣ್ಣಗೆ ಒಂದು ಸ್ವರ ಕೇಳಿಸುತ್ತದೆ. ಫ್ಯಾನ್ ಹಾಕಿಕೊಂಡೇ ಮಲಗುತ್ತೇನೆ. ಬ್ಯಾಂಡ್ ಎರಡು ವರ್ಷಕ್ಕೆ ನಿಂತುಹೋಯಿತು, ಈ ಸ್ವರ ನಿಂತಿಲ್ಲ.

ಒಳಕಿವಿಯಲ್ಲಿ ಶಬ್ದವನ್ನು ಹಿಡಿಯುವ ಸೂಕ್ಷ್ಮ ಕೂದಲಿನಂಥ ಜೀವಕೋಶಗಳಿವೆ. ಒಂದೊಂದು ಕಿವಿಗೆ ಸುಮಾರು 15,000. ಜೋರು ಸದ್ದಿಗೆ ಅವು ಗಾಳಿಗೆ ಬಾಗಿದ ಪೈರಿನಂತೆ ಬಾಗುತ್ತವೆ, ವಿಶ್ರಾಂತಿ ಸಿಕ್ಕರೆ ಏಳುತ್ತವೆ. ಪದೇ ಪದೇ ಆದರೆ ಸಾಯುತ್ತವೆ. ಮನುಷ್ಯರಲ್ಲಿ ಸತ್ತ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಎಷ್ಟು ಸದ್ದು ಎಷ್ಟು ಹೊತ್ತು ಸುರಕ್ಷಿತ ಎನ್ನುವುದಕ್ಕೆ, ಕಾರ್ಮಿಕರ ಕಿವಿ ಕಾಪಾಡಲು ಅಮೆರಿಕದ ಸಂಸ್ಥೆಯೊಂದು ಮಾಡಿದ ಲೆಕ್ಕ ಎಲ್ಲೆಡೆ ಬಳಕೆಯಲ್ಲಿದೆ. ದಿನಕ್ಕೆ 85 ಡೆಸಿಬಲ್ ಆದರೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ:

- 88 ಡೆಸಿಬಲ್: 4 ಗಂಟೆ
- 91 ಡೆಸಿಬಲ್: 2 ಗಂಟೆ
- 94 ಡೆಸಿಬಲ್: 1 ಗಂಟೆ
- 100 ಡೆಸಿಬಲ್: 15 ನಿಮಿಷ

ಮುಚ್ಚಿದ ಕೋಣೆಯಲ್ಲಿ ಜೋರಾಗಿ ಬಾರಿಸಿದ ಡ್ರಮ್ ಕಿಟ್ ಸುಲಭವಾಗಿ 100 ಡೆಸಿಬಲ್ ಮುಟ್ಟುತ್ತದೆ. ಅಂದರೆ ಎರಡು ಗಂಟೆಯ ಪ್ರಾಕ್ಟೀಸಿನಲ್ಲಿ ಮೊದಲ ಕಾಲು ಗಂಟೆಗೇ ದಿನದ ಪಾಲು ಮುಗಿಯುತ್ತದೆ. ಇದು ಡ್ರಮ್ಸ್ ಬಾರಿಸುವವರೊಬ್ಬರ ಸಮಸ್ಯೆಯಲ್ಲ, ಕೋಣೆಯಲ್ಲಿರುವ ಎಲ್ಲರದ್ದೂ. ಇಯರ್‌ಫೋನ್‌ನಲ್ಲಿ ಜೋರಾಗಿ ಹಾಡು ಕೇಳುವುದಕ್ಕೂ ಇದೇ ಲೆಕ್ಕ. ಅತಿಯಾದ ಸದ್ದಿನಲ್ಲಿ ಸಂಗೀತ ಕೇಳುವುದರಿಂದ ಜಗತ್ತಿನ ನೂರು ಕೋಟಿಗೂ ಹೆಚ್ಚು ಯುವಜನರ ಕಿವಿ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಪರಿಹಾರ ಡ್ರಮ್ಸ್ ಬಿಡುವುದಲ್ಲ:

- ಹತ್ತಿ ಬೇಡ. ಅದು ಸದ್ದನ್ನು ಬಹಳ ಕಡಿಮೆ ತಡೆಯುತ್ತದೆ, ಧೈರ್ಯ ಮಾತ್ರ ಹೆಚ್ಚು ಕೊಡುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಸರಿಯಾಗಿ ಹಾಕಿಕೊಂಡರೆ ಸುಮಾರು 20 ಡೆಸಿಬಲ್ ತಗ್ಗುತ್ತದೆ. ಸ್ವರ ಮಂಕಾಗದಂತೆ ಸದ್ದನ್ನು ಮಾತ್ರ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳೂ ಸಿಗುತ್ತವೆ.
- ಕೋಣೆಯಲ್ಲಿ ಅತ್ಯಂತ ಮೆಲ್ಲಗಿರುವ ವಾದ್ಯಕ್ಕೆ ಉಳಿದವರು ಹೊಂದಿಕೊಳ್ಳಲಿ. ಯಾರ ಸದ್ದು ಕೇಳಿಸುತ್ತಿಲ್ಲವೋ ಅವರದ್ದನ್ನು ಏರಿಸಬೇಡಿ, ಉಳಿದವರದ್ದನ್ನು ಇಳಿಸಿ.
- ಅರ್ಧ ಗಂಟೆಗೊಮ್ಮೆ ಹೊರಗೆ ಬನ್ನಿ. ಗೋಡೆಗೆ ಹಳೆ ಕಂಬಳಿ, ಹಾಸಿಗೆ ಆನಿಸಿದರೆ ಪ್ರತಿಧ್ವನಿ ತಗ್ಗುತ್ತದೆ.
- ಮೊಬೈಲಿನ ಡೆಸಿಬಲ್ ಆ್ಯಪ್ ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು.
- ಕಿವಿಯ ಗುಂಯ್ ಒಂದೆರಡು ದಿನವಾದರೂ ಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ನೋಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದೇ ದಿನ ಹೋಗಿ, ತಡವಾದಷ್ಟೂ ಚಿಕಿತ್ಸೆ ಕಷ್ಟ.

ಪಕ್ಕದ ಮನೆಯವರ ಕಿವಿಯನ್ನೂ ಮರೆಯಬೇಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಶುರು ಮಾಡುವ ಮುಂಚೆ ನೀವೇ ಹೋಗಿ ಹೇಳಿ, ಯಾವ ಹೊತ್ತು ಆದೀತು ಅಂತ ಕೇಳಿ. ಪರೀಕ್ಷೆ ಹತ್ತಿರ ಬಂದ ಮಕ್ಕಳಿರುವ ಮನೆ, ವಯಸ್ಸಾದವರಿರುವ ಮನೆ ಯಾವುದು ಅಂತ ತಿಳಿದುಕೊಂಡರೆ ಅರ್ಧ ಜಗಳ ಅಲ್ಲಿಗೇ ತಪ್ಪುತ್ತದೆ.

ಒಟ್ಟಿನಲ್ಲಿ

- ಏಳು ವರ್ಷ ದಾಟಿದರೆ ಸಂಗೀತ ಬರುವುದಿಲ್ಲ: ಸುಳ್ಳು.
- ವಾದ್ಯ ಕಲಿತರೆ ಬುದ್ಧಿಮತ್ತೆ ಏರುತ್ತದೆ: ಗಟ್ಟಿ ಆಧಾರವಿಲ್ಲ.
- ಉದ್ದ ಬೆರಳು ಬೇಕು, ಹುಡುಗಿಯರಿಗೆ ಡ್ರಮ್ಸ್ ಆಗದು: ಸುಳ್ಳು.
- ಕೀಬೋರ್ಡಿನಿಂದಲೇ ಶುರು ಮಾಡಬೇಕು: ಬೇಕಿಲ್ಲ. ಯಾವ ಸದ್ದು ಇಷ್ಟವೋ ಅದು.
- ಹತ್ತು ಸಾವಿರ ಗಂಟೆ ಬೇಕು: ಸರಾಸರಿಯನ್ನು ನಿಯಮ ಮಾಡಿದ್ದಾರೆ.
- ದುಬಾರಿ ಸಾಮಾನು ಬೇಕು: ಸುಳ್ಳು.
- ಜೋರು ಸದ್ದಿನಿಂದ ಕಿವಿ ಹಾಳಾಗುತ್ತದೆ: ನಿಜ. ಇಯರ್‌ಪ್ಲಗ್ ಇದ್ದರೆ ತಪ್ಪಿಸಬಹುದು.

ಚಿಕ್ಕಮ್ಮನಿಗೆ ಇಷ್ಟನ್ನೂ ಫೋನಿನಲ್ಲೇ ಹೇಳಿದೆ. ಕೊನೆಗೆ ನನ್ನ ಎಡಗಿವಿಯ ಕಥೆಯನ್ನೂ ಹೇಳಿದೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪ್ಲಗ್ ಎಲ್ಲಿ ಸಿಗುತ್ತೆ ಹೇಳು" ಅಂದರು. ಈಗ ಅವನ ಹತ್ತಿರ ಪ್ರಾಕ್ಟೀಸ್ ಪ್ಯಾಡ್ ಇದೆ, ಭಾನುವಾರ ಇಬ್ಬರು ಗೆಳೆಯರು ಬರುತ್ತಾರೆ. ಪೂರ್ತಿ ಕಿಟ್ ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲೆ ಅಂತ ಮಾತಾಗಿದೆ.

ನಿಮ್ಮ ಗುಂಪಿಗೂ ಆ ಫಾರ್ವರ್ಡ್ ಬಂದಿದ್ದರೆ, ಅದರ ಕೆಳಗೆ ಇದನ್ನು ಹಾಕಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಡೆಸಿಬಲ್ ಪಟ್ಟಿಯನ್ನಾದರೂ ಕಳಿಸಿ.